ಕಾರಿನ ಬ್ಯಾಟರಿಗೆ ಕಟರ್ ಹಾಕುವ ಮುನ್ನ

ಹೊಸ ಲೇಔಟಿನಲ್ಲಿ ಗ್ರಾನೈಟ್ ಕೂರಿಸುವವರು, ತೋಟಕ್ಕೆ ಗೇಟು ಹಾಕುವ ವೆಲ್ಡರ್‌ಗಳು, ಸೋಲಾರ್ ಸ್ಟ್ಯಾಂಡ್ ಬಿಗಿಯುವ ಹುಡುಗರು, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ 230 ವೋಲ್ಟ್ ಕರೆಂಟ್ ಮಾಡಿಕೊಡುವ ಇನ್ವರ್ಟರ್ ಡಬ್ಬ ಕೊಂಡು ಅಂಗಡಿಗೆ ಮರಳಿ ಬರುವ ಎಲ್ಲರ ದೂರೂ ಒಂದೇ: "ಸರ್, ಇನ್ವರ್ಟರ್ 1500 ವ್ಯಾಟ್. ಕಟರ್ ಬರೀ 1200. ಕಲ್ಲಿಗೆ ಇಟ್ಟ ಕೂಡಲೇ ಕುಂಯ್ ಅಂತ ಕೂಗಿ ಆಫ್ ಆಗುತ್ತೆ. ಪೀಸೇ ಸರಿಯಿಲ್ಲ." ಪೀಸ್ ಬದಲಾಯಿಸಿಕೊಂಡು ಹೋಗುತ್ತಾರೆ. ಹೊಸದೂ ಹಾಗೇ ಕೂಗುತ್ತದೆ. ಆಮೇಲೆ 3000 ವ್ಯಾಟಿನದು ತರುತ್ತಾರೆ. ಅದೂ ಕೂಗುತ್ತದೆ. ಕೂಲಿ ದುಡ್ಡಿನಲ್ಲಿ ಎರಡೆರಡು ಇನ್ವರ್ಟರ್ ಕೊಂಡವರನ್ನು ನೋಡಿದರೆ ಸಂಕಟವಾಗುತ್ತದೆ. ಡಬ್ಬ ಎಷ್ಟೇ ದೊಡ್ಡದಾದರೂ ಬ್ಯಾಟರಿ ಹಳೆಯದೇ, ಅದರಿಂದ ಬರುವ ವೈರೂ ಹಳೆಯದೇ.

ಸೈಟಿಗೆ ಟೆಂಪರರಿ ಕನೆಕ್ಷನ್ ಬಂದಿರುವುದಿಲ್ಲ, ಜನರೇಟರ್ ಬಾಡಿಗೆ ಕೈಗೆಟುಕುವುದಿಲ್ಲ, ಪಕ್ಕದಲ್ಲೇ ಗಾಡಿ ನಿಂತಿರುತ್ತದೆ. ಗಾಡಿಯ ಬ್ಯಾಟರಿಯಿಂದಲೇ ಟೂಲ್ ಓಡಿಸುವ ಯೋಚನೆ ಬರುವುದು ಸಹಜ. ಮಾಡಲೇಬಾರದು ಎಂದು ಹೇಳುತ್ತಿಲ್ಲ. ಆದರೆ ವ್ಯಾಟಿನ ಲೆಕ್ಕ ಬಿಟ್ಟು ಆಂಪಿಯರ್, ಅಂದರೆ ವೈರಿನಲ್ಲಿ ಹರಿಯುವ ಕರೆಂಟಿನ ಲೆಕ್ಕ ಹಾಕಿ. ಇಡೀ ವಿಷಯ ಇರುವುದು ಅಲ್ಲೇ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮನೆಯ 230 ವೋಲ್ಟಿನ ಪ್ಲಗ್ಗಿನಲ್ಲಿ 1200 ವ್ಯಾಟಿನ ಮಾರ್ಬಲ್ ಕಟರ್ ಎಳೆಯುವುದು ಸುಮಾರು 5 ಆಂಪಿಯರ್. ಅದೇ 1200 ವ್ಯಾಟನ್ನು 12 ವೋಲ್ಟಿನಿಂದ ತೆಗೆಯಬೇಕೆಂದರೆ 100 ಆಂಪಿಯರ್ ಹರಿಯಬೇಕು. ಇನ್ವರ್ಟರ್ ತನ್ನೊಳಗೇ ಶೇಕಡಾ 10ರಿಂದ 15ರಷ್ಟನ್ನು ಶಾಖವಾಗಿ ಕಳೆಯುತ್ತದೆ. ಲೋಡ್ ಬಿದ್ದಾಗ ಬ್ಯಾಟರಿ ಕೂಡ 12ರಲ್ಲಿ ನಿಲ್ಲದೆ 11.5ಕ್ಕೆ ಕುಸಿಯುತ್ತದೆ. ಎರಡನ್ನೂ ಸೇರಿಸಿದರೆ 120 ಆಂಪಿಯರಿನ ಆಸುಪಾಸಿಗೆ ಬರುತ್ತದೆ. ಅದೂ ಕಟರ್ ಓಡುತ್ತಿರುವಾಗಿನ ಲೆಕ್ಕ. ಬಟನ್ ಒತ್ತಿದ ಅರೆಕ್ಷಣ ಮೋಟರ್ ಇದರ ಎರಡು ಮೂರು ಪಟ್ಟು ಕೇಳುತ್ತದೆ.

ಈಗ ಇನ್ವರ್ಟರ್ ಜೊತೆ ಬಂದ ಕೆಂಪು ಕಪ್ಪು ವೈರ್ ನೋಡಿ. 6 ಸ್ಕ್ವೇರ್ ಎಂಎಂ ತಾಮ್ರವೆಂದೇ ಇಟ್ಟುಕೊಳ್ಳೋಣ, ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಉದ್ದ 2 ಮೀಟರ್. ಹೋಗಿ ಬರುವ ದಾರಿ ಸೇರಿ 4 ಮೀಟರ್. ಇದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 12 ಮಿಲಿಓಮ್. ಅದರಲ್ಲಿ 120 ಆಂಪಿಯರ್ ಹರಿದರೆ ವೈರಿನಲ್ಲೇ ಹೆಚ್ಚುಕಡಿಮೆ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ಹತ್ತಿರ 11.5 ಇದ್ದದ್ದು ಇನ್ವರ್ಟರ್ ತಲುಪುವಾಗ 10. ಸಾಮಾನ್ಯ ಇನ್ವರ್ಟರುಗಳು 10.5ರ ಆಸುಪಾಸಿನಲ್ಲಿ ಕೂಗಿ, 10ರ ಹತ್ತಿರ ಆಫ್ ಆಗುವಂತೆ ಮಾಡಿರುತ್ತಾರೆ. ನಿಮಗೆ ಕೇಳಿಸುವ ಆ ಕುಂಯ್ ಇದೇ. ಇನ್ವರ್ಟರ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಕಳೆದುಹೋದ ಆ ಒಂದೂವರೆ ವೋಲ್ಟ್ ವೈರಿನಲ್ಲಿ 170 ವ್ಯಾಟಿಗೂ ಹೆಚ್ಚು ಬಿಸಿಯಾಗಿ ಕೂತಿರುತ್ತದೆ. ಇನ್ಸುಲೇಷನ್ ಮೆತ್ತಗಾಗಿ ವಾಸನೆ ಬರುವುದು ಅದಕ್ಕೇ.

ಇದೇ ಕಟರನ್ನು 230 ವೋಲ್ಟ್ ಕಡೆಯಲ್ಲಿ 20 ಮೀಟರ್ ಉದ್ದದ, ಬರೀ 1.5 ಸ್ಕ್ವೇರ್ ಎಂಎಂ ಎಕ್ಸ್‌ಟೆನ್ಷನ್ ವೈರಿಗೆ ಹಾಕಿದರೆ ಕಳೆಯುವುದು ಎರಡೂವರೆ ವೋಲ್ಟ್. 230ರಲ್ಲಿ ಎರಡೂವರೆ ಹೋದರೆ ಕಟರಿಗೆ ಗೊತ್ತೂ ಆಗುವುದಿಲ್ಲ. 12ರಲ್ಲಿ ಒಂದೂವರೆ ಹೋದರೆ ಕೆಲಸವೇ ನಿಲ್ಲುತ್ತದೆ. ಆದ್ದರಿಂದ ದೂರ ಬೇಕಾದರೆ 230ರ ಕಡೆ ಎಳೆಯಿರಿ, ಇನ್ವರ್ಟರನ್ನು ಬ್ಯಾಟರಿಯಿಂದ ಒಂದು ಮೀಟರಿನೊಳಗೇ ಇಡಿ. ಹೆಚ್ಚಿನವರು ಮಾಡುವುದು ತಿರುಗಾಮುರುಗಾ: ಕಟರ್ ಪಕ್ಕದಲ್ಲಿ ಇನ್ವರ್ಟರ್ ಇಟ್ಟು, ಅಲ್ಲಿಂದ ಗಾಡಿಯವರೆಗೆ ಜಂಪರ್ ಕೇಬಲ್. ಆ ಜಂಪರ್ ಕೇಬಲ್‌ಗಳ ಮೇಲೆ 500 ಆಂಪಿಯರ್ ಎಂದು ಬರೆದಿದ್ದರೂ ನಂಬಬೇಡಿ. ಸಿಪ್ಪೆ ದಪ್ಪ, ಒಳಗೆ ತಾಮ್ರ ಬಳಿದ ಅಲ್ಯೂಮಿನಿಯಂ ಎಳೆಗಳು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ಪಕ್ಕಕ್ಕಿಡಿ.

ಬೇಕಾದದ್ದು ತಾಮ್ರದ ವೆಲ್ಡಿಂಗ್ ಕೇಬಲ್. 850 ವ್ಯಾಟಿನ 4 ಇಂಚು ಗ್ರೈಂಡರಿಗೆ 25 ಸ್ಕ್ವೇರ್ ಎಂಎಂ ಸಾಕು, 1200ಕ್ಕೆ 35. ಅಂಗಡಿಯಲ್ಲಿ ಕೇಳುವಾಗ 'ಕಾಪರ್' ಎಂದು ಒತ್ತಿ ಹೇಳಿ, ಅಲ್ಯೂಮಿನಿಯಂನದೂ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಕೇಬಲ್ ತುದಿಗೆ ಕೂರಿಸುವ ಲಗ್ಗನ್ನು (ಬೋಲ್ಟ್ ತೂರುವ ಬಳೆ) ಸುತ್ತಿಗೆಯಲ್ಲಿ ಚಚ್ಚಬೇಡಿ. ಕ್ರಿಂಪಿಂಗ್ ಟೂಲ್ ಇರುವವರಲ್ಲಿ ಒತ್ತಿಸಿ. ಟರ್ಮಿನಲ್ಲಿಗೆ ಕ್ಲಿಪ್ ಕಚ್ಚಿಸದೆ ಬೋಲ್ಟ್ ಹಾಕಿ. ಜೋಡಣೆ ಸಡಿಲವಾಗಿ ಒಂದೇ ಒಂದು ಮಿಲಿಓಮ್ ಹೆಚ್ಚಾದರೂ 120 ಆಂಪಿಯರಿಗೆ ಆ ಒಂದು ಬಿಂದುವಿನಲ್ಲಿ 14 ವ್ಯಾಟ್ ಬಿಸಿ. ಸೀಸದ ಪೋಸ್ಟ್ ಮೆತ್ತಗಾಗಿ ಕರಗಲು ಶುರುವಾಗುವುದು ಹೀಗೆ.

ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಗ್ರೈಂಡರಿಗೆ 25 ಸ್ಕ್ವೇರ್ ಎಂಎಂ ಕೇಬಲ್ ಹಾಕಿದ್ದರೆ 125ರಿಂದ 150 ಆಂಪಿಯರಿನ ಬೋಲ್ಟ್ ಹಾಕುವ ಫ್ಯೂಸ್, ಕಾರ್ ಆಡಿಯೊ ಅಂಗಡಿಗಳಲ್ಲಿ ಸಿಗುತ್ತದೆ. ಇನ್ವರ್ಟರಿನೊಳಗೆ ಫ್ಯೂಸ್ ಇದೆಯಲ್ಲ ಎನ್ನುತ್ತಾರೆ. ಅದು ಕಾಯುವುದು ಇನ್ವರ್ಟರನ್ನು. ನಡುವೆ ಕೇಬಲ್ ಬಾನೆಟ್ಟಿನ ಅಂಚಿಗೆ ಉಜ್ಜಿ ಗಾಡಿಯ ಬಾಡಿಯ ಲೋಹಕ್ಕೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಅದನ್ನು ತಡೆಯುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. ಸಿಗರೇಟ್ ಲೈಟರ್ ಸಾಕೆಟ್ಟಿನ ಮಾತೇ ಬೇಡ. ಅದರ ಫ್ಯೂಸ್ 10ರಿಂದ 20 ಆಂಪಿಯರ್. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಿ, ಅಷ್ಟೇ.

ವೈರ್ ಸರಿಹೋಯಿತು ಎಂದುಕೊಳ್ಳೋಣ, ಇನ್ನು ಬ್ಯಾಟರಿ. ಸಣ್ಣ ಪೆಟ್ರೋಲ್ ಕಾರಿನದು 35 ಆಂಪಿಯರ್-ಅವರ್. "35 ಅಂದರೆ 120 ಆಂಪಿಯರಿಗೆ 17 ನಿಮಿಷ ಬರಬೇಕಲ್ಲ" ಎಂದು ಲೆಕ್ಕ ತಿಳಿದವರು ಕೇಳುತ್ತಾರೆ. ಬರುವುದಿಲ್ಲ. ಆ 35 ಬರೆದಿರುವುದು 20 ಗಂಟೆ ನಿಧಾನವಾಗಿ, ಒಂದೂಮುಕ್ಕಾಲು ಆಂಪಿಯರಿನಂತೆ ಎಳೆದಾಗಿನ ಲೆಕ್ಕ. ಜೋರಾಗಿ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತವೇ ಕುಗ್ಗುತ್ತದೆ. 120 ಆಂಪಿಯರಿಗೆ ಹತ್ತು ನಿಮಿಷ ನಿಂತರೆ ಹೆಚ್ಚು. ಅಷ್ಟು ಎಳೆದ ಮೇಲೆ ಗಾಡಿಯ ಸೆಲ್ಫ್ ಹೊಡೆಯುವುದಿಲ್ಲ. ಕಾರಿನ ಬ್ಯಾಟರಿಯ ಪ್ಲೇಟುಗಳು ತೆಳು, ಕೆಲವು ಸೆಕೆಂಡ್ ಸೆಲ್ಫ್ ತಿರುಗಿಸಿ ಕೂಡಲೇ ಮರುಚಾರ್ಜ್ ಆಗಲೆಂದು ಮಾಡಿದ್ದು. ಪೂರ್ತಿ ಖಾಲಿ ಮಾಡಿ ತುಂಬಿಸುವುದನ್ನು ನಾಲ್ಕಾರು ಸಲ ಮಾಡಿದರೆ ಮೊದಲಿನ ಕಸುವು ಹಿಂದಿರುಗುವುದಿಲ್ಲ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ಜಾತಿಯೇ ಬೇರೆ.

ಇಂಜಿನ್ ಆನ್ ಇದ್ದರೆ ಡೈನಮೊ ತುಂಬಿಸುತ್ತದಲ್ಲ? ತುಂಬಿಸುತ್ತದೆ, ಆದರೆ ಎಷ್ಟು? ಡೈನಮೊ ಮೇಲೆ 65 ಆಂಪಿಯರ್ ಎಂದಿದ್ದರೆ ಅದು ಇಂಜಿನ್ ಜೋರಾಗಿ ತಿರುಗುವಾಗ. ಐಡ್ಲಿಂಗಿನಲ್ಲಿ ಅರ್ಧದಷ್ಟು ಸಿಕ್ಕರೆ ಪುಣ್ಯ. ಅದರಲ್ಲಿ ಫ್ಯುಯೆಲ್ ಪಂಪ್, ಇಗ್ನಿಷನ್, ರೇಡಿಯೇಟರ್ ಫ್ಯಾನ್ ತಮ್ಮ ಪಾಲು ತಿಂದು ಉಳಿಯುವುದು 15–20 ಆಂಪಿಯರ್, ಅಂದರೆ ಇನ್ನೂರು ವ್ಯಾಟಿನ ಆಸುಪಾಸು. ಗಾಡಿ ಗಾಡಿಗೆ ವ್ಯತ್ಯಾಸವಿದೆ, ಡೀಸೆಲ್ ಪಿಕಪ್ಪಿನಲ್ಲಿ ಬ್ಯಾಟರಿಯೂ ದೊಡ್ಡದು. ಆದರೂ ನಿಂತ ಗಾಡಿಯಲ್ಲಿ ಗಾಳಿ ಆಡದೆ ಡೈನಮೊ ಬಿಸಿಯಾಗುತ್ತದೆ ಎಂಬುದು ನೆನಪಿರಲಿ. ಮುಚ್ಚಿದ ಶೆಡ್ಡಿನಲ್ಲಂತೂ ಇಂಜಿನ್ ಆನ್ ಇಡಲೇಬೇಡಿ, ಹೊಗೆ ಜೀವ ತೆಗೆಯುತ್ತದೆ.

ಹಾಗಾದರೆ ಯಾವ ಕೆಲಸಕ್ಕೆ ಒಗ್ಗುತ್ತದೆ? ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ. ಗೇಟಿನ ಪಟ್ಟಿ ಕತ್ತರಿಸಲು 4 ಇಂಚು ಗ್ರೈಂಡರ್ 10 ಸೆಕೆಂಡ್ ಓಡುತ್ತದೆ, ಅಳತೆ ಹಿಡಿದು ಮುಂದಿನ ಪಟ್ಟಿ ತರಲು ಎರಡು ನಿಮಿಷ. ಓಡುವಾಗ 85–90 ಆಂಪಿಯರ್, ಸರಾಸರಿ ತೆಗೆದರೆ 7 ಆಂಪಿಯರ್. ಇಂಜಿನ್ ಆನ್ ಇದ್ದರೆ ಡೈನಮೊ ಇದನ್ನು ಆರಾಮಾಗಿ ತುಂಬಿಸುತ್ತದೆ. 600 ವ್ಯಾಟಿನ ಡ್ರಿಲ್ಲಿನಲ್ಲಿ ಆಂಕರ್ ಬೋಲ್ಟಿಗೆ ತೂತು ಹಾಕುವುದೂ ಹೀಗೇ. ಗ್ರಾನೈಟ್ ಸ್ಲ್ಯಾಬ್ ಉದ್ದಕ್ಕೂ ಸೀಳುವುದು, 14 ಇಂಚಿನ ಕಟಿಂಗ್ ಮಷಿನ್, 2000 ವ್ಯಾಟಿನ ಚೈನ್‌ಸಾ, ಕಾಂಕ್ರೀಟ್ ಒಡೆಯುವ ಬ್ರೇಕರ್: ಇವು ಆಗದ ಮಾತು. ಕಂಪ್ರೆಸರ್, ನೀರಿನ ಪಂಪು ಅದಕ್ಕಿಂತ ಕಷ್ಟ. ಅವುಗಳ ಇಂಡಕ್ಷನ್ ಮೋಟರ್ ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ, 1 ಎಚ್‌ಪಿ ಎಂಬ ಮಾತಿಗೆ ಮೋಸಹೋಗಬೇಡಿ.

ಇನ್ವರ್ಟರ್, ಮನೆಯ ಕರೆಂಟಿನಂಥ ನಯವಾದ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ಇರಲಿ, ಟೂಲಿನ ವ್ಯಾಟಿನ ದುಪ್ಪಟ್ಟು ಇರಲಿ. ದೊಡ್ಡಕ್ಷರದಲ್ಲಿ ಬರೆದಿರುವುದು ಅರೆಕ್ಷಣದ ಪೀಕ್ ಸಂಖ್ಯೆ. ಸತತವಾಗಿ ಎಷ್ಟು ಎಂಬುದು ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಓದಿ. ಅಗ್ಗದ ಸ್ಕ್ವೇರ್‌ವೇವ್ ಮಾದರಿಯಲ್ಲಿ ಟ್ರಿಗರ್ ಒತ್ತಿದಷ್ಟು ವೇಗ ಬದಲಾಗುವ ಡ್ರಿಲ್ ತಡವರಿಸುತ್ತದೆ, ಮೋಟರ್ ಹೆಚ್ಚು ಬಿಸಿಯಾಗುತ್ತದೆ. ಕೇಬಲ್ ಜೋಡಿಸುವಾಗ ಇನ್ವರ್ಟರ್ ಸ್ವಿಚ್ ಆಫ್, ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್. ಈಚಿನ ಕೆಲವು ಕಾರುಗಳಲ್ಲಿ ನೆಗೆಟಿವ್ ಪೋಸ್ಟಿನ ಮೇಲೆ ಸಣ್ಣ ಸೆನ್ಸರ್ ಕೂತಿರುತ್ತದೆ. ಅಂಥದ್ದರಲ್ಲಿ ನೆಗೆಟಿವನ್ನು ಬಾಡಿಯ ಅರ್ಥ್ ಬೋಲ್ಟಿಗೆ ಕೊಡಬೇಕು, ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ. ಗ್ರೈಂಡರಿನ ಕಿಡಿ ಬ್ಯಾಟರಿ ಕಡೆ ಹಾರಬಾರದು, ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ನೀರು ಬಿಟ್ಟು ಕಲ್ಲು ಕೊಯ್ಯುವ ಕೆಲಸವನ್ನು ಈ ವ್ಯವಸ್ಥೆಯಲ್ಲಿ ಮಾಡಬೇಡಿ. ಕರೆಂಟ್ ಸೋರಿದಾಗ ತಾನೇ ಆಫ್ ಆಗಿ ಮನೆಯಲ್ಲಿ ಜೀವ ಉಳಿಸುವ ಅರ್ಥ್ ಲೀಕೇಜ್ ಬ್ರೇಕರ್, ಔಟ್‌ಪುಟ್ಟಿನಲ್ಲಿ ನ್ಯೂಟ್ರಲ್‌ ಅರ್ಥ್ ಜೋಡಣೆ ಇಲ್ಲದ ಇನ್ವರ್ಟರಿನಲ್ಲಿ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ.

ಇಷ್ಟಾದ ಮೇಲೂ ಕೂಗಿದರೆ ಮಲ್ಟಿಮೀಟರ್ ಹಿಡಿಯಿರಿ. ಟೂಲ್ ಓಡುತ್ತಿರುವಾಗಲೇ ಮೊದಲು ಬ್ಯಾಟರಿ ಪೋಸ್ಟಿನಲ್ಲಿ, ನಂತರ ಇನ್ವರ್ಟರಿನ ಟರ್ಮಿನಲ್ಲಿನಲ್ಲಿ ಅಳೆಯಿರಿ. ಅಲ್ಲಿ 12, ಇಲ್ಲಿ 10.8 ಬಂದರೆ ತಪ್ಪು ವೈರಿನದು ಅಥವಾ ಜೋಡಣೆಯದು. ಎರಡೂ ಕಡೆ 10.8 ಇದ್ದರೆ ಬ್ಯಾಟರಿ ಸೋತಿದೆ. ಎರಡೂ ಕಡೆ 12 ಇದ್ದೂ ಆಫ್ ಆಗುತ್ತಿದ್ದರೆ ಆಗ ಮಾತ್ರ ಇನ್ವರ್ಟರನ್ನು ಅಂಗಡಿಗೆ ತನ್ನಿ.

ತಿಂಗಳಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಇಂಥ ಕೆಲಸ ಇರುವವರಿಗೆ 18 ವೋಲ್ಟಿನ ಕಾರ್ಡ್‌ಲೆಸ್ ಗ್ರೈಂಡರ್, ಡ್ರಿಲ್ ಕೊಳ್ಳಿ ಎಂದೇ ಹೇಳುತ್ತೇನೆ. 5 ಆಂಪಿಯರ್-ಅವರಿನ ಒಂದು ಪ್ಯಾಕಿನಲ್ಲಿ 90 ವ್ಯಾಟ್-ಅವರ್ ಇರುತ್ತದೆ, ಮೂರು ಪ್ಯಾಕ್ ಇದ್ದರೆ ಒಂದನ್ನು 300 ವ್ಯಾಟಿನ ಸಣ್ಣ ಪ್ಯೂರ್ ಸೈನ್‌ವೇವ್ ಇನ್ವರ್ಟರಿನಲ್ಲಿ ಗಾಡಿಯಿಂದಲೇ ಚಾರ್ಜಿಗೆ ಹಾಕಿಟ್ಟು ಕೆಲಸ ನಡೆಸಬಹುದು. ಕಲ್ಲು ಸೀಳುವವರಿಗೆ ಎರಡೂವರೆ ಕೆವಿಎ ಪೆಟ್ರೋಲ್ ಜನರೇಟರ್ ಬಿಟ್ಟರೆ ದಾರಿಯಿಲ್ಲ.

ಗಾಡಿ ಬ್ಯಾಟರಿಯಲ್ಲಿ ಕೆಲಸ ಮಾಡಿದ ಮರುದಿನ ಬೆಳಿಗ್ಗೆ, ಇಂಜಿನ್ ಶುರು ಮಾಡುವ ಮೊದಲು, ವೋಲ್ಟೇಜ್ ನೋಡಿ. 12.6 ಇದ್ದರೆ ಸರಿ. 12.4ಕ್ಕಿಂತ ಕೆಳಗಿದ್ದರೆ ಊರೊಳಗೆ ಒಂದು ಸುತ್ತು ಹಾಕಿದರೆ ತುಂಬುವುದಿಲ್ಲ. ಹೊರಗಿನ ಚಾರ್ಜರಿನಲ್ಲಿ, 35ರ ಬ್ಯಾಟರಿಗೆ ಮೂರೂವರೆ ಆಂಪಿಯರಿನಂತೆ, ರಾತ್ರಿಯಿಡೀ ಹಾಕಿ.