ಅಮೆರಿಕದಲ್ಲಿ ಸಿಕ್ಕ ವಿಚ್ಛೇದನ ಭಾರತದಲ್ಲಿ ಊರ್ಜಿತವೇ?

ಪ್ರಶ್ನೆ: ಕಾನೂನು ಪದವಿ ಓದುತ್ತಿದ್ದೇನೆ. ಖಾಸಗಿ ಅಂತರರಾಷ್ಟ್ರೀಯ ಕಾನೂನಿನ ಪಾಠ ಈಗಷ್ಟೇ ಶುರುವಾಗಿದೆ. ಅಮೆರಿಕದ ನ್ಯಾಯಾಲಯ ಕೊಟ್ಟ ವಿಚ್ಛೇದನವನ್ನು ನಮ್ಮ ನ್ಯಾಯಾಲಯ ಒಪ್ಪಲೇಬೇಕೇ?

ಉತ್ತರ: ಒಪ್ಪಲೇಬೇಕೆಂದಿಲ್ಲ. ಗಡಿ, ಯುದ್ಧ, ಒಪ್ಪಂದಗಳಂಥ ಸರ್ಕಾರಗಳ ನಡುವಿನ ವಿಚಾರ ನೀವು ಓದುತ್ತಿರುವ ವಿಷಯದ್ದಲ್ಲ. ಇಲ್ಲಿ ಬರುವವರು ಗಂಡ-ಹೆಂಡತಿ, ವ್ಯಾಪಾರಿ, ವಾರಸುದಾರ. ಅವರ ವ್ಯಾಜ್ಯ ಎರಡು ದೇಶಗಳಿಗೆ ಹರಡಿಕೊಂಡಾಗ ಯಾರು ವಿಚಾರಿಸಬೇಕು, ಯಾವ ದೇಶದ ಕಾನೂನು ಅನ್ವಯಿಸಬೇಕು, ಹೊರಗಿನ ತೀರ್ಪಿಗೆ ಇಲ್ಲಿ ಎಷ್ಟು ಬೆಲೆ ಎಂಬುದನ್ನು ಬಹುಮಟ್ಟಿಗೆ ಪ್ರತಿ ದೇಶವೂ ತನ್ನದೇ ಕಾನೂನಿನಿಂದ ನಿರ್ಧರಿಸುತ್ತದೆ. ನಮ್ಮಲ್ಲಿ ಹೊರದೇಶದ ತೀರ್ಪನ್ನು ಅಳೆಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ.

ವ್ಯಾಖ್ಯೆಗಳನ್ನು ಉರು ಹೊಡೆಯುವ ಮೊದಲು 1991ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಿ. 1975ರಲ್ಲಿ ತಿರುಪತಿಯಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾದ ದಂಪತಿ ಮುಂದೆ ಬೇರೆಯಾದರು. ಗಂಡ ಅಮೆರಿಕದ ಮಿಸೌರಿ ರಾಜ್ಯದ ನ್ಯಾಯಾಲಯಕ್ಕೆ ಹೋಗಿ, ತಾನು 90 ದಿನಗಳಿಂದ ಅಲ್ಲಿನ ನಿವಾಸಿ, ದಾಂಪತ್ಯ ಮತ್ತೆ ಕೂಡದಷ್ಟು ಮುರಿದುಬಿದ್ದಿದೆ ಎಂದು ಹೇಳಿ 1980ರಲ್ಲಿ ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಪಡೆದ. ಮರುವರ್ಷ ಮತ್ತೊಂದು ಮದುವೆಯಾದ. ಮೊದಲ ಹೆಂಡತಿ ದ್ವಿವಿವಾಹದ ದೂರು ಕೊಟ್ಟರು.

ಆ ಡಿಕ್ರಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮದುವೆ ಯಾವ ಕಾನೂನಿನಡಿ ನಡೆಯಿತೋ ಆ ಕಾನೂನೇ ವಿಚ್ಛೇದನದ ಆಧಾರವನ್ನೂ ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನೂ ನಿರ್ಧರಿಸಬೇಕು ಎಂಬುದು ಅದು ಹಾಕಿಕೊಟ್ಟ ಮೂಲ ನಿಯಮ. ದಾಂಪತ್ಯ ಮುರಿದುಬಿದ್ದಿದೆ ಎಂಬುದಷ್ಟೇ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಆಧಾರವಲ್ಲ.

ಈ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಹಜ ನ್ಯಾಯದ, ಅಂದರೆ ತನ್ನ ವಾದ ಹೇಳಿಕೊಳ್ಳಲು ಪ್ರತಿಯೊಬ್ಬರಿಗೂ ನ್ಯಾಯವಾದ ಅವಕಾಶ ಸಿಗಬೇಕೆಂಬ, ಮಾತು. ಸಮನ್ಸ್ ಜಾರಿಯಾಗಿದೆ ಎಂದರೆ ಸಾಲದು; ಪ್ರತಿವಾದಿಗೆ ನಿಜವಾಗಿಯೂ ವಾದಿಸಲು ಸಾಧ್ಯವಿತ್ತೇ ಎಂದು ನೋಡಬೇಕು. ಅಗತ್ಯವಿದ್ದರೆ ಪ್ರಯಾಣ, ವಸತಿ, ವಕೀಲರ ಖರ್ಚನ್ನು ಅರ್ಜಿದಾರನಿಂದಲೇ ಕೊಡಿಸಿ ಹೊರದೇಶದ ನ್ಯಾಯಾಲಯ ಆ ಅವಕಾಶವನ್ನು ಖಾತರಿಪಡಿಸಿರಬೇಕು. ಸಾವಿರಾರು ಮೈಲಿ ದೂರದ ನ್ಯಾಯಾಲಯದಿಂದ ಬಂದ ಲಕೋಟೆಯನ್ನು ಹಿಡಿದು ಕಂಗಾಲಾಗಿ ಕುಳಿತ ಹೆಣ್ಣುಮಗಳ ಪಾಡು ಏನೆಂದು ಕಾನೂನು ಇಲ್ಲಿ ಕಣ್ಣುಬಿಟ್ಟು ನೋಡಿದೆ. ಮಕ್ಕಳನ್ನು ವಿದೇಶದಲ್ಲಿರುವವರಿಗೆ ಮದುವೆ ಮಾಡಿಕೊಟ್ಟ ಕನ್ನಡದ ಕುಟುಂಬಗಳಿಗೂ ಇದು ತಿಳಿದಿರಬೇಕು.

ಹಾಗೆಂದು ವಿದೇಶದ ಪ್ರತಿ ವಿಚ್ಛೇದನವೂ ಇಲ್ಲಿ ಬಿದ್ದುಹೋಗುವುದಿಲ್ಲ. ಪ್ರತಿವಾದಿ ಅಲ್ಲಿಯೇ ಕಾಯಂ ನೆಲೆಸಿದ್ದು, ಆಧಾರವೂ ಅವರ ವಿವಾಹ ಕಾನೂನಿನಲ್ಲಿ ಇರುವಂಥದ್ದಾದರೆ ಡಿಕ್ರಿ ನಿಲ್ಲುತ್ತದೆ. ಪ್ರತಿವಾದಿ ಸ್ವಇಚ್ಛೆಯಿಂದ ಅಲ್ಲಿ ಹಾಜರಾಗಿ ಅಂಥ ಆಧಾರದ ಮೇಲೆಯೇ ವಾದಿಸಿದ್ದರೂ, ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೂ ನಿಲ್ಲುತ್ತದೆ.

ಆದ್ದರಿಂದ ವಿದೇಶದ ನೋಟಿಸಿಗೆ ಉತ್ತರಿಸುವಾಗ ಎಚ್ಚರ ಬೇಕು. 1991ರ ಪ್ರಕರಣದ ಹೆಂಡತಿ ಉತ್ತರ ಕಳಿಸಿದ್ದರು, ಆದರೆ ಆ ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ತಾವು ಒಳಪಡುವುದಿಲ್ಲವೆಂಬ ಆಕ್ಷೇಪದೊಂದಿಗೆ. ಅಂಥ ಆಕ್ಷೇಪವನ್ನು ಮೊದಲ ಉತ್ತರದಲ್ಲೇ ಸ್ಪಷ್ಟವಾಗಿ ಬರೆಯಬೇಕು. ಅದನ್ನು ಇಲ್ಲಿನ ವಕೀಲರಿಗೆ ತೋರಿಸಿಯೇ ಕಳಿಸಬೇಕು.