ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು

ಮೊದಲ ಸಲ ಮರದ ಬ್ಲಾಕ್ ಕೆತ್ತಲು ಕೂತ ವಿದ್ಯಾರ್ಥಿಗಳು ಕೇಳುವುದು ಉಳಿ ಹೇಗೆ ಹಿಡಿಯಬೇಕು ಅಂತ. ಅದು ಬೇಗ ಕೈಗೆ ಹತ್ತುತ್ತದೆ. ಹಲಗೆಗೆ ಹಿಂದಿನಿಂದ ಆಸರೆ ಕೊಟ್ಟು, ಎಡಗೈಯನ್ನು ಯಾವತ್ತೂ ಉಳಿಯ ಬಾಯಿಯ ಮುಂದೆ ತರದೆ, ಮೈಯಿಂದ ಆಚೆಗೆ ತಳ್ಳಬೇಕು. ಉಳಿಯನ್ನು ಆಗಾಗ ಸಾಣೆಕಲ್ಲಿಗೆ ಹಚ್ಚಬೇಕು, ಯಾಕಂದರೆ ಮೊಂಡ ಉಳಿಯೇ ಜಾರಿ ಕೈ ಕೊಯ್ಯುವುದು. ಇಷ್ಟು ಕಲಿಸುವುದು ಕಷ್ಟವಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಕಲಿಸುವುದು ಕಷ್ಟ. ವಿಜಯಪುರದಲ್ಲಿ ಪ್ರಿಂಟ್‌ಮೇಕಿಂಗ್, ಅಂದರೆ ಕೆತ್ತಿದ ಹಲಗೆಗೆ ಇಂಕು ಹಚ್ಚಿ ಕಾಗದಕ್ಕೆ ಚಿತ್ರ ಒತ್ತುವುದನ್ನು ಕಲಿಸುವ ನಾನು ಪ್ರತಿ ಹೊಸ ಬ್ಯಾಚಿನಲ್ಲೂ ಇದನ್ನೇ ನೋಡುತ್ತೇನೆ: ಮೊದಲ ಬ್ಲಾಕಿನಲ್ಲಿ ಮರ ಜಾಸ್ತಿ ಹೋಗಿರುತ್ತದೆ.

ಈ ಸಲ ಒಬ್ಬ ಹುಡುಗಿ ಗೋಳಗುಮ್ಮಟ ಆರಿಸಿಕೊಂಡಳು. ಪೆನ್ಸಿಲಿನಲ್ಲಿ ತುಂಬಾ ಚಂದ ಬರೆದಿದ್ದಳು. ಗುಮ್ಮಟದ ಬುಡದ ಎಸಳುಗಳು, ಮೂಲೆಯಲ್ಲಿ ಏಳು ಅಂತಸ್ತಿನ ಗೋಪುರ, ಅದರ ಒಂದೊಂದು ಕಿಟಕಿ, ಎಲ್ಲವೂ ತೆಳು ಗೆರೆಯಲ್ಲಿ. ಕಾರ್ಬನ್ ಕಾಗದ ಇಟ್ಟು ಚಿತ್ರವನ್ನು ಹಲಗೆಗೆ ಇಳಿಸಿದಳು. ಕೆತ್ತಿದ ಕಡೆ ಇಂಕು ಹತ್ತುವುದಿಲ್ಲ, ಉಳಿದ ಮರವೇ ಕಪ್ಪಾಗಿ ಮೂಡುವುದು. ಅದಕ್ಕೇ ಆಮೇಲೆ ಪ್ರತಿ ಗೆರೆಯ ಎರಡೂ ಬದಿ ಕೆತ್ತುತ್ತಾ ಹೋದಳು. ಪೆನ್ಸಿಲ್ ಗೆರೆ ಹೇಗಿತ್ತೋ ಹಾಗೇ ಪ್ರಿಂಟಿನಲ್ಲಿ ಬರಬೇಕು ಅನ್ನುವ ಆಸೆ.

"ಕೆತ್ತೂದು ಮುಗೀತ್ರಿ ಸರ್, ಇಂಕ್ ಹಚ್ಲೇನ್ರಿ?" ಅಂತ ಬಂದಳು. ಹಚ್ಚಿದೆವು. ಗುಮ್ಮಟದ ಗೆರೆ ಅಲ್ಲಲ್ಲಿ ತುಂಡಾಗಿತ್ತು. ಖಾಲಿ ಇರಬೇಕಾದ ಆಕಾಶದಲ್ಲಿ ರೋಲರ್ ಕೆಳಗಿಳಿದು ಮುಟ್ಟಿದ ಕಡೆಯೆಲ್ಲ ಕಪ್ಪು ಚುಕ್ಕೆ. ಅವಳ ಮುಖ ಸಣ್ಣದಾಯಿತು.

ಕೈ ಕೆಟ್ಟದ್ದೇನಲ್ಲ. ಮರದ ಗುಣ ಅವಳಿಗೆ ಇನ್ನೂ ಪರಿಚಯ ಆಗಿರಲಿಲ್ಲ, ಅಷ್ಟೇ. ಹಲಗೆಯನ್ನು ಮರದ ಉದ್ದಕ್ಕೆ ಸೀಳಿರುತ್ತಾರೆ, ಮರದ ನಾರಿನ ಎಳೆಯೂ ಅದೇ ಉದ್ದಕ್ಕೆ ಇರುತ್ತದೆ. ಎಳೆಯ ಜೊತೆ ಸಾಗುವ ಗೆರೆ ತೆಳುವಾಗಿದ್ದರೂ ನಿಲ್ಲುತ್ತದೆ. ಎಳೆಗೆ ಅಡ್ಡ ಹೋಗುವ ತೆಳು ಗೆರೆಗೆ ಬುಡ ಗಟ್ಟಿ ಇರುವುದಿಲ್ಲ, ಚಕ್ಕೆ ಎದ್ದು ಹೋಗುತ್ತದೆ. ಗುಮ್ಮಟದ ಗೆರೆ ಎಳೆಯ ಜೊತೆ ಹೊರಟು ಮೇಲೆ ಹೋಗುತ್ತಾ ಅಡ್ಡ ತಿರುಗುತ್ತದೆ. ಅಲ್ಲೇ ಮುರಿದಿತ್ತು.

ಕೂದಲೆಳೆಯಂಥ ಕಪ್ಪು ಗೆರೆಯನ್ನು ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಉಳಿಸಿದವರು ಇಲ್ಲವೇ? ಇದ್ದಾರೆ. 1831ರ ಸುಮಾರಿಗೆ ಬಂದ ಜಪಾನಿನ ಚಿತ್ರಕಾರ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಆದರೆ ಹೊಕುಸಾಯಿ ಚಿತ್ರ ಬರೆದುಕೊಟ್ಟ. ಕೆತ್ತುವವರು ಬೇರೆ, ಮುದ್ರಿಸುವವರು ಬೇರೆ. ಕೆತ್ತುವವರು ಗಟ್ಟಿ ಚೆರಿ ಮರದ ಮೇಲೆ ಅದೊಂದೇ ಕೆಲಸವನ್ನು ವರ್ಷಗಟ್ಟಲೆ ಕಲಿತವರು. ಇನ್ನೂ ಸಣ್ಣ ಗೆರೆ ಬೇಕಾದವರು ಮರವನ್ನು ಅಡ್ಡ ಕೊಯ್ದ ಮುಖದ ಮೇಲೆ ಕೆತ್ತುತ್ತಾರೆ. ಅಲ್ಲಿ ಎಳೆಯ ಕಾಟ ಇರುವುದಿಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಹಕ್ಕಿಯ ಪುಕ್ಕ ಪುಕ್ಕವನ್ನೂ ಮೂಡಿಸಿದ್ದು ಹಾಗೆ. ಮೊದಲ ಬ್ಲಾಕಿನಲ್ಲೇ ಅದನ್ನು ಕೈಯಿಂದ ಕೇಳುವುದು ನ್ಯಾಯವಲ್ಲ.

ಎರಡನೇ ಹಲಗೆ ಕೊಟ್ಟೆ. ಈ ಸಲ ಕಾರ್ಬನ್ ಬೇಡ ಅಂದೆ. ಹಲಗೆಯ ಮುಖಕ್ಕೆಲ್ಲ ಕಪ್ಪು ಇಂಡಿಯನ್ ಇಂಕ್ ಬಳಿದು ಒಣಗಿಸಿದಳು. ಏನೂ ಕೆತ್ತದ ಹಲಗೆಗೆ ಇಂಕು ಹಚ್ಚಿ ಒತ್ತಿದರೆ ಪೂರ್ತಿ ಕಪ್ಪು ಬರುತ್ತದೆ. ಉಳಿ ಒಂದೊಂದು ಸಲ ಮುಟ್ಟಿದಾಗಲೂ ಅಷ್ಟು ಬೆಳಕು ಒಳಗೆ ಬರುತ್ತದೆ. ಅದು ಕಣ್ಣಿಗೆ ಕಾಣಲಿ ಅಂತಲೇ ಈ ಕಪ್ಪು. ಕೈಗೆ ಸೀಮೆಸುಣ್ಣ ಕೊಟ್ಟು, "ಗೆರೆ ಬ್ಯಾಡವಾ. ಸಂಜಿಕ ಬಿಸಲ ಎಲ್ಲಿ ಬೀಳತೈತಿ, ಅಷ್ಟ ಬರಿ" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಗುಮ್ಮಟದ ಒಂದು ಮಗ್ಗುಲಿಗೆ ಮಾತ್ರ ಬಿಳಿ ಹಚ್ಚಿ, "ಇಷ್ಟ ಐತ್ರಿ ಸರ್" ಅಂದಳು. ಅಷ್ಟೇ ಕೆತ್ತಲು ಹೇಳಿದೆ, ಕೆತ್ತಿದ ಕೂಡಲೇ ಪ್ರೂಫ್, ಅಂದರೆ ನೋಡಿಕೊಳ್ಳಲು ಒಂದು ಪ್ರಿಂಟು ತೆಗೆಯಲು ಹೇಳಿದೆ.

ನಮ್ಮ ಊರಿನವರಿಗೆ ಇದನ್ನು ತಿಳಿಸಲು ಇಲ್ಲಿನ ಆದಿಲ್‌ಶಾಹಿ ಗೋರಿ ಇಬ್ರಾಹಿಂ ರೋಜಾಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಲ್ಲಿನ ಕಲ್ಲಿನ ಜಾಲಂಧ್ರಗಳಲ್ಲಿ ಅರೇಬಿಕ್ ಅಕ್ಷರಗಳಿವೆ. ಅಕ್ಷರ ಕಲ್ಲಾಗಿಯೇ ಉಳಿದಿದೆ, ನಡುವಿನ ಕಲ್ಲು ಹೋಗಿ ಬೆಳಕು ಬಂದಿದೆ. ಒಂದು ಅಕ್ಷರ ಇನ್ನೊಂದನ್ನು ಹಿಡಿದುಕೊಂಡಿದೆ. ಏನು ಬಿಡಬೇಕು ಅಂತ ಮೊದಲೇ ಗೊತ್ತಿದ್ದವರ ಕೆಲಸ ಅದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿದಾಗ ಚಿತ್ರ ಬರೆಯಬೇಡಿ, ಬರೀ ನೋಡಿ ಬನ್ನಿ ಅಂತ ಹೇಳುತ್ತೇನೆ.

ಪ್ರೂಫಿಗೆ ಮುಂಚೆ ಇಂಕಿನ ಮಾತು. ಗಾಜಿನ ಮೇಲೆ ಕಡಲೆಕಾಳಿನಷ್ಟು ಇಂಕು ಸಾಕು. ರೋಲರ್ ಉರುಳಿಸುತ್ತಾ ಕಿವಿ ಕೊಡಿ. ಇಂಕು ಜಾಸ್ತಿ ಇದ್ದರೆ ಪಚಪಚ ಅನ್ನುತ್ತದೆ, ಮೇಲೆ ಕಿತ್ತಳೆ ಸಿಪ್ಪೆಯಂತೆ ಗುಳಿ ಗುಳಿ ಕಾಣುತ್ತದೆ. ಹದಕ್ಕೆ ಬಂದಾಗ ಸಣ್ಣಗೆ ಚಿರ್ ಅನ್ನುತ್ತದೆ. ಆ ಸದ್ದು ಬಂದ ಮೇಲೇ ಬ್ಲಾಕಿಗೆ ಹಚ್ಚಿ, ಒಂದೇ ಸಲ ದಪ್ಪಗೆ ಬೇಡ, ತೆಳುವಾಗಿ ಹಲವು ಸಲ. ಪ್ರೆಸ್ ಬೇಕೇ ಬೇಕು ಅಂತಿಲ್ಲ. ನೇಪಾಳಿ ಕಾಗದದಂಥ ತೆಳು, ಮೆತ್ತನೆ ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು. ಒಂದು ಮೂಲೆ ಎತ್ತಿ ನೋಡಿ. ಮಸುಕಾಗಿದ್ದರೆ ಅದೇ ಜಾಗಕ್ಕೆ ಮತ್ತೆ ಕೂರಿಸಿ ಉಜ್ಜಿ. ಡ್ರಾಯಿಂಗ್ ಶೀಟಿನಂಥ ದಪ್ಪ ಕಾಗದಕ್ಕೆ ಚಮಚ ಸಾಲುವುದಿಲ್ಲ. ಚಿತ್ರ ತಿರುಗುಮುರುಗಾಗಿ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಕನ್ನಡ ಅಕ್ಷರ ಕೆತ್ತುವಾಗ ಮರೆಯುತ್ತಾರೆ. ಟ್ರೇಸಿಂಗ್ ಕಾಗದವನ್ನು ಮಗುಚಿ ಇಡಿ.

ಯಾವ ಮರ ಅಂತ ಕೇಳುತ್ತೀರಿ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಸುಲಭ, ಎಳೆಯೇ ಇಲ್ಲ. ಆದರೆ ನಾನು ಮೊದಲ ಬ್ಲಾಕಿಗೆ ಅದನ್ನು ಕೊಡುವುದಿಲ್ಲ. ಮರ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪಲ್ಲ ಅನ್ನುವುದನ್ನು ಕೈ ಕಲಿಯುವುದು ಎಳೆ ಇರುವ ಹಲಗೆಯಲ್ಲೇ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಸಿಕ್ಕರೆ ಬಡಿಗೇರ ಹತ್ತಿರ ಹತ್ತರಿ ಹೊಡೆಸಿಕೊಳ್ಳಿ. ತಂತಿ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿದರೆ ಮೆತ್ತನೆ ಭಾಗ ಹೋಗಿ ಗಟ್ಟಿ ಎಳೆ ಏಳುತ್ತದೆ, ಪ್ರಿಂಟಿನಲ್ಲಿ ಅದೂ ಮೂಡುತ್ತದೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ತನ್ನ ಮರದ ಬ್ಲಾಕುಗಳಲ್ಲಿ ಎಳೆಯನ್ನು ಮುಚ್ಚದೆ ಚಿತ್ರದ ಭಾಗವಾಗಿಯೇ ಬಳಸಿಕೊಂಡ.

ನಮ್ಮ ಹುಡುಗಿಯ ಎರಡನೇ ಹಲಗೆಯ ಮೊದಲ ಪ್ರೂಫಿನಲ್ಲಿ ಕಪ್ಪೇ ಜಾಸ್ತಿ ಇತ್ತು, ಆದರೆ ಗುಮ್ಮಟ ಗುಂಡಗೆ ನಿಂತಿತ್ತು. ಪ್ರೂಫಿನ ಮೇಲೆ ಸೀಮೆಸುಣ್ಣದಿಂದ ಮುಂದಿನ ಬೆಳಕು ಗುರುತು ಹಾಕಿಕೊಂಡು ಎಸಳುಗಳಿಗೆ ಹೋದಳು. ಮತ್ತೆ ಪ್ರೂಫ್. ಕೆತ್ತಿದ್ದು ಕಡಿಮೆ ಅನಿಸಿದರೆ ಇನ್ನಷ್ಟು ಕೆತ್ತಬಹುದು, ಹೋದ ಮರ ವಾಪಸ್ ಬರಲ್ಲ ಅಲ್ವಾ? ಗೋಪುರದ ಕಿಟಕಿಗಳನ್ನು ಅವಳು ಕೊನೆಗೂ ಬಿಡಿಸಲಿಲ್ಲ, ನೆರಳಿನಲ್ಲೇ ಬಿಟ್ಟಳು. ನನಗೆ ಅದು ತುಂಬಾ ಇಷ್ಟವಾಯಿತು.

ಪ್ರೂಫುಗಳನ್ನು ಎಸೆಯಬೇಡಿ, ಗೋಡೆಗೆ ಸಾಲಾಗಿ ಹಚ್ಚಿಡಿ. ಸಾಕು ಅನಿಸಿದ ಮೇಲೆ ಎಷ್ಟು ಪ್ರತಿ ಬೇಕು ಅಂತ ತೀರ್ಮಾನಿಸಿ, ಕೆಳಗೆ ಪೆನ್ಸಿಲಿನಲ್ಲಿ 1/10, 2/10 ಅಂತ ಬರೆದು ಸಹಿ ಹಾಕಿ. ಎಣ್ಣೆ ಇಂಕು ಒಣಗುವ ತನಕ ಒಂದರ ಮೇಲೊಂದು ಇಡಬೇಡಿ. ಎಡಿಷನ್, ಅಂದರೆ ಈ ಎಣಿಕೆಯ ಪ್ರತಿಗಳನ್ನು ತೆಗೆಯುವುದು, ಶುರುವಾದ ಮೇಲೆ ಆ ಬ್ಲಾಕಿಗೆ ಉಳಿ ಮುಟ್ಟಿಸುವಂತಿಲ್ಲ. ಇನ್ನೂ ಏನೋ ಬೇಕು ಅನಿಸಿದರೆ ಹೊಸ ಹಲಗೆ ತೆಗೆದುಕೊಳ್ಳಿ.