ಎಲ್ಲಿ ಕೊರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು

ವಿಜಯಪುರ ಜಿಲ್ಲೆಯಲ್ಲಿ ಕೊಳವೆ ಬಾವಿಗೆ ಪಾಯಿಂಟ್ ಗುರುತಿಸಲು ಹೋದರೆ ರೈತರ ಪ್ರಶ್ನೆ ಒಂದೇ: "ಸಾಹೇಬರೇ, ನೀರು ಬೀಳುತ್ತದೋ ಇಲ್ಲವೋ, ಅಷ್ಟು ಹೇಳಿ." ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಇದಕ್ಕೆ ಎಷ್ಟು ಅಡಿಗೆ ಎಷ್ಟು ಇಂಚು ನೀರು ಎಂಬ ಲೆಕ್ಕ ಸಮೇತ ಉತ್ತರ ಕೊಡುತ್ತಾರೆ. ಭೂವಿಜ್ಞಾನದ ಪದವಿ ಮುಗಿಸಿ ಆಗಷ್ಟೇ ನೀರು ಹುಡುಕುವ ಯಂತ್ರ ಹಿಡಿದ ಹುಡುಗರೂ ಹೆಚ್ಚುಕಡಿಮೆ ಅಷ್ಟೇ ಖಚಿತವಾಗಿ ಹೇಳುತ್ತಾರೆ. ತಡವರಿಸುವವರು ತಲೆ ನರೆತ ನಮ್ಮಂಥವರು.

ಯಂತ್ರದ ಕೆಲಸ ಸರಳ. ನೆಲಕ್ಕೆ ನಾಲ್ಕು ಲೋಹದ ಗೂಟ ಹೊಡೆದು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತೇವೆ. ಹೊರಗಿನ ಗೂಟಗಳನ್ನು ದೂರ ಸರಿಸಿದಂತೆ ಹೆಚ್ಚು ಆಳದ ಸುದ್ದಿ ಬರುತ್ತದೆ. ಒಣ ಕರಿಕಲ್ಲು ವಿದ್ಯುತ್ತನ್ನು ತಡೆಯುತ್ತದೆ, ನೀರು ಹಿಡಿದ ಗರಸು ಬಿಡುತ್ತದೆ. ಹುಡುಗರ ಧೈರ್ಯ ಈ ಪಾಠದ ಮೇಲೆ ನಿಂತಿದೆ. ಆದರೆ ಒಂದು ಕೊಡ ನೀರನ್ನೂ ಬಿಟ್ಟುಕೊಡದ ಜೇಡಿಮಣ್ಣು ಸಹ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ. ಡೋಣಿ ನದಿಯ ದಂಡೆಯ ಸವಳು ನೀರೂ ಹಾಗೆಯೇ. ಆಳದ ತೆಳು ಪದರವೊಂದು ಅಳತೆಗೆ ಸಿಗದೆಯೇ ಹೋಗಬಹುದು. ಹೀಗಾಗಿ ಒಂದೇ ಅಳತೆಗೆ ಹೊಂದುವ ನೆಲದ ಚಿತ್ರಗಳು ಹಲವು. ತಂತ್ರಾಂಶ ಅವುಗಳಲ್ಲಿ ಒಂದನ್ನು ಬಣ್ಣ ಬಣ್ಣವಾಗಿ ಮುದ್ರಿಸಿ ಕೊಡುತ್ತದೆ, ಆ ಹಾಳೆಯನ್ನು ನೋಡಿದವರು ನಂಬಿಬಿಡುತ್ತಾರೆ.

ನೆಲವೂ ಒಂದೇ ತೆರನಾಗಿಲ್ಲ. ವಿಜಯಪುರದ ಬಹುಭಾಗದ ಅಡಿಯಲ್ಲಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹಲವು ಬಾರಿ ಹರಿದು ಗಟ್ಟಿಯಾದ ಲಾವಾ. ಎರಡು ಹರಿವುಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪದರ ಸಿಗುತ್ತದೆ, ನೀರಿನ ಹುಡುಕಾಟದಲ್ಲಿ ನಮಗೆ ಅದೊಂದು ಗುರುತು. ಕೃಷ್ಣೆ ದಾಟಿದರೆ ಕಲಾದಗಿ, ಲೋಕಾಪುರದ ಕಡೆ ಸುಣ್ಣಕಲ್ಲು, ಬಾದಾಮಿಯಲ್ಲಿ ಮರಳುಗಲ್ಲು, ಇಳಕಲ್ಲಿನಲ್ಲಿ ಗ್ರಾನೈಟ್. ಲಾವಾದಲ್ಲಿ ಪಳಗಿದ ಕಣ್ಣು ಸುಣ್ಣಕಲ್ಲಿನ ಸೀಮೆಯಲ್ಲಿ ಅಕ್ಷರಾಭ್ಯಾಸಕ್ಕೆ ಕೂರಬೇಕು. ಅಲ್ಲಿ ನೀರು ಕಲ್ಲು ಕರಗಿ ಆದ ಪೊಟರೆಗಳನ್ನು ಹಿಡಿದು ಹೋಗುತ್ತದೆ. ಒಬ್ಬರ ಬಾವಿಯಲ್ಲಿ ನೀರು ಉಕ್ಕಿದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಏಳಬಹುದು. ಅದಕ್ಕೇ ನಾನು ಯಂತ್ರ ಬಿಚ್ಚುವ ಮುನ್ನ ಸುತ್ತಲಿನ ತೆರೆದ ಬಾವಿಗಳಿಗೆ ಇಣುಕುತ್ತೇನೆ. ಬಾವಿಯ ಗೋಡೆಯಲ್ಲಿ ಪದರಗಳು ಕಣ್ಣಿಗೇ ಕಾಣುತ್ತವೆ.

ಹಾಗೆಂದು ವಿನಯದ ಹೆಸರಿನಲ್ಲಿ ಜಾರಿಕೊಳ್ಳುವುದು ನನಗೆ ಸೇರುವುದಿಲ್ಲ. ಭೂತಾಯಿಯ ಮನಸ್ಸು ಬಲ್ಲವರು ಯಾರು ಎಂದು ಕೈ ಮುಗಿದು ಶುಲ್ಕ ಎಣಿಸಿಕೊಳ್ಳುವ ಹಿರಿಯರೂ ನಮ್ಮಲ್ಲಿದ್ದಾರೆ. ಸಾಲ ಮಾಡಿ ಕೊರೆಸುವ ರೈತನಿಗೆ ಆ ಮಾತಿನಿಂದ ಮೂರು ಕಾಸಿನ ಉಪಯೋಗವಿಲ್ಲ. ತನ್ನ ಅರಿವು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದವನು ಅದನ್ನು ಅಡಿಗಳಲ್ಲಿ ಬರೆದು ಕೊಡಬೇಕು. ನನ್ನ ಚೀಟಿಯಲ್ಲಿ ಪಾಯಿಂಟಿನ ಜೊತೆಗೆ ನಿಲ್ಲಿಸುವ ಷರತ್ತೂ ಇರುತ್ತದೆ: ಯಾವ ಆಳಕ್ಕೆ ಯಾವ ಕಲ್ಲು ಬರಬೇಕು, ಕೊರೆದ ಪುಡಿಯ ಬಣ್ಣ ಹೇಗೆ ಬದಲಾಗಬೇಕು, ಕೆಂಪು ಪದರ ದಾಟಿ ಎಷ್ಟು ಅಡಿಯವರೆಗೆ ಕಾಯಬೇಕು. ಅಷ್ಟರಲ್ಲಿ ಪುಡಿ ಒದ್ದೆಯಾಗದಿದ್ದರೆ ನನ್ನ ಊಹೆ ತಪ್ಪಾಗಿದೆ, ರಿಗ್ ಎತ್ತಿಸಿ ಎಂದು ಬರೆದಿರುತ್ತೇನೆ. ಗಟ್ಟಿ ಕಲ್ಲಿನಲ್ಲಿ ಆಳಕ್ಕೆ ಇಳಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ, ಕೊರೆಯುವ ದರ ಮಾತ್ರ ಏರುತ್ತಾ ಹೋಗುತ್ತದೆ.

ರಿಗ್‌ನವರಿಗೆ ಈ ಚೀಟಿ ಕಂಡರೆ ಆಗುವುದಿಲ್ಲ. "ಇನ್ನು ಐವತ್ತು ಅಡಿ ನೋಡೋಣ, ಯಜಮಾನರೇ" ಎನ್ನುತ್ತಾರೆ. ಅವರ ಬಿಲ್ಲು ಅಡಿಯ ಲೆಕ್ಕದಲ್ಲಿ ಬೆಳೆಯುತ್ತದೆ.